ಅನುಮಾನದಕ್ಕನ ಆಯಿಲ್ ಪಂಪ್

ಇಪ್ಪತ್ತು ವರ್ಷದಿಂದ ಲಾರಿ ಎಂಜಿನ್ ರಿಪೇರಿ ಮಾಡುತ್ತಿದ್ದ ಆಕೆಯನ್ನು ಬೀದಿಯವರು ಅನುಮಾನದಕ್ಕ ಎಂದೇ ಕರೆಯುತ್ತಿದ್ದರು. ಗಿರಾಕಿಯ ಮಾತನ್ನೂ ಮೀಟರಿನ ಮುಳ್ಳನ್ನೂ ಅವಳು ಒಂದೇ ಸಲಕ್ಕೆ ನಂಬಿದವಳಲ್ಲ.

ಒಮ್ಮೆ ಒಂದು ಲಾರಿಯಲ್ಲಿ ಆಯಿಲ್ ಸಾಲದೆಂಬ ದೀಪ ಮೇಲಿಂದ ಮೇಲೆ ಹತ್ತುತ್ತಿತ್ತು. ಕಾಲೇಜಿನಲ್ಲಿ ಪಾಠ ಹೇಳುವ ಮೈದುನ ಮೊಬೈಲಿನಲ್ಲಿ ಆಯಿಲ್ ಪಂಪಿನ ಹರಿವು ಲೆಕ್ಕ ಹಾಕುವ ಕ್ಯಾಲ್ಕುಲೇಟರ್ ತೆರೆದು ಪಂಪಿನ ಅಳತೆ, ತಿರುಗುವ ವೇಗ ತುಂಬಿದ.

"ಅತ್ತಿಗೆ, ನಿಮಿಷಕ್ಕೆ ಇಪ್ಪತ್ತೇಳು ಲೀಟರ್ ಹರಿಯತ್ತೆ. ಪಂಪ್ ಚೆನ್ನಾಗೇ ಇದೆ."

"ಇಲ್ಲಿ ತೊಂಬತ್ತು ಪರ್ಸೆಂಟ್ ಅಂತಿದೆಯಲ್ಲ, ಏನದು?"

"ಪಂಪ್ ಎಷ್ಟು ಚೆನ್ನಾಗಿ ಕೆಲಸ ಮಾಡತ್ತೆ ಅನ್ನೋ ಲೆಕ್ಕ. ಅದು ಮೊದಲೇ ತುಂಬಿರತ್ತೆ."

"ನಮ್ಮ ಪಂಪನ್ನ ಕಣ್ಣಲ್ಲೂ ನೋಡದೆ ತೊಂಬತ್ತು ಮಾರ್ಕ್ಸ್ ಕೊಟ್ಟೋರು ಯಾರಪ್ಪಾ?"

ಅವಳು ಪಂಪನ್ನು ಬಿಚ್ಚಿ, ಮೋಟರಿಗೆ ಜೋಡಿಸಿ, ಅದೇ ವೇಗದಲ್ಲಿ ಒಂದು ನಿಮಿಷ ಬಕೆಟ್ಟಿಗೆ ಆಯಿಲ್ ಹರಿಸಿದಳು. ಹದಿನೆಂಟೇ ಲೀಟರ್ ಬಂತು. ಒಳಗೆ ಗೇರಿನ ಹಲ್ಲುಗಳು ಸವೆದುಹೋಗಿದ್ದವು.

ಮೈದುನ ತೊಂಬತ್ತು ಅಳಿಸಿ ಅರವತ್ತು ಹಾಕಿದ. "ನೋಡಿ ಅತ್ತಿಗೆ, ಈಗ ಸರಿಯಾಗಿ ಹದಿನೆಂಟು!"

"ಬಕೆಟ್ ನೋಡಿ ಕಾಪಿ ಹೊಡೆದ್ರೆ ಯಾರಿಗಾದ್ರೂ ಸರಿ ಬರತ್ತೆ."

ಹೊಸ ಪಂಪ್ ಹಾಕಿದ ಮೇಲೆ ದೀಪ ಹತ್ತಲಿಲ್ಲ. ಬಲ್ಬೇ ಸುಟ್ಟಿದೆಯೇನೋ ಎಂದು ಅವಳು ಅದನ್ನೂ ಬಿಚ್ಚಿ ನೋಡಿದಳು.