ನೀಲಿ ತೊಟ್ಟಿಗೆ ಬಿದ್ದ ದೋಣಿಗಳು

ಕತೆ ಕೇಳುವಾಗ ಮಾಷ್ಟ್ರ ಬಲಗೈ ಹೆಬ್ಬೆರಳು ಮೇಜಿನ ಅಂಚಿನ ಮೇಲೆ ದೋಣಿಗೆ ಹುಟ್ಟು ಹಾಕಿದಂತೆ ಹಿಂದೆ ಮುಂದೆ ಆಡುತ್ತಿತ್ತು. ಅದರ ಉಗುರು ಅಡ್ಡಕ್ಕೆ ಸೀಳಿತ್ತು. ಐರ್ಲೆಂಡಿನ ಪಶ್ಚಿಮ ಕರಾವಳಿಯವರು. ಜರ್ಮನಿಯ ಕಲೋನ್‌ನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ ನಮ್ಮ ಮೇಲಿನ ಮನೆಯಲ್ಲಿದ್ದರು. ನಮ್ಮ ಉಡುಪಿಯ ರೂಢಿಯಂತೆ ನಾನು ಮಾಷ್ಟ್ರೇ ಎಂದು ಕರೆಯುತ್ತಿದ್ದೆ. ಅವರಿಗದು ಹಿಡಿಸಿತ್ತು.

ನನಗೆ ಅಲ್ಲಿ ಕೆಲಸ ಮಾಡಲು ಬ್ಲೂ ಕಾರ್ಡ್ ಪರವಾನಗಿ ಸಿಕ್ಕ ಎರಡನೆಯ ವರ್ಷ, ಕಣ್ಣು ಮಂಜಾಗುತ್ತಿದ್ದ ಅವರ ಕೈಬರಹದ ಕಾದಂಬರಿಯನ್ನು ಟೈಪ್ ಮಾಡಿಕೊಡಲು ಒಪ್ಪಿದೆ. ಭಾಷೆ ಇಂಗ್ಲಿಷ್, ನಡಿಗೆ ಮಾತ್ರ ಐರಿಶರ ಹಳೆಯ ನುಡಿ ಗೇಲಿಕ್‌ನಲ್ಲಿ ಕತೆ ಹೇಳುತ್ತಿದ್ದ ಅವರ ಅಜ್ಜಿಯದು. ನಾಯಕ ದೋಣಿಯನ್ನು ನೀರಿಗಿಳಿಸಿದಾಗಲೆಲ್ಲ ಹಗ್ಗ, ಹಾಯಿ, ಅಲೆ, ಮೀನು ಎಲ್ಲವೂ ಅವೇ ಮಾತುಗಳಲ್ಲಿ ಮತ್ತೆ ಬರುತ್ತಿದ್ದವು. ಬರಿಯ ಪುನರುಕ್ತಿ ಎಂದುಕೊಂಡು, ಮೊದಲನೆಯದನ್ನು ಉಳಿಸಿ ಉಳಿದ ಮೂವತ್ತೊಂದನ್ನು ತೆಗೆದೆ. ಡೈರಿಯಲ್ಲಿ ಲೆಕ್ಕವನ್ನೂ ಬರೆದೆ. ಟೈಪಾದ ಮೇಲೆ ಕೈಬರಹದ ಹಾಳೆಗಳನ್ನು ವಾರವಾರವೂ ಹರಿದು ರದ್ದಿ ಕಾಗದದ ನೀಲಿ ತೊಟ್ಟಿಗೆ ಹಾಕಿದೆ.

ನವೆಂಬರ್ ೧೪, ಶನಿವಾರ. ಟೈಪಾದುದನ್ನು ಅವರಿಗೆ ಓದಿ ಹೇಳುತ್ತಿದ್ದೆ. ದೋಣಿ ಎರಡನೆಯ ಸಲ ಹೊರಡಬೇಕಾದಲ್ಲಿ ಹೆಬ್ಬೆರಳು ನಿಂತಿತು.

"ದೋಣಿ ಎಲ್ಲಿ?"

ಹೇಳಿದೆ. ಹಾಳೆಗಳ ಬಗ್ಗೆ ಕೇಳಿದರು. ಅದನ್ನೂ ಹೇಳಿದೆ. ಅವರು ಎದ್ದು, ಕಾಣದಿದ್ದರೂ, ಕಿಟಕಿಯ ಕೆಳಗಿನ ತೊಟ್ಟಿಯ ಕಡೆ ಮುಖಮಾಡಿ ನಿಂತರು. ಮೊದಲನೆಯದನ್ನೇ ಕಾಪಿ ಮಾಡಿ ಎಲ್ಲ ಕಡೆ ಹಾಕುತ್ತೇನೆಂದೆ.

"ತಮ್ಮನನ್ನು ಕಡಲಿಗೆ ಕೊಟ್ಟ ಮೇಲೂ ನನ್ನ ನಾಯಕ ಅದೇ ಕೈಯಲ್ಲಿ ಹಗ್ಗ ಬಿಚ್ಚುತ್ತಾನೇನು?"

ಪ್ರತಿ ಸಲವೂ ಒಂದೆರಡು ಮಾತು ಬದಲಾಗುತ್ತಿದ್ದವು, ನಾನು ಗಮನಿಸಿರಲಿಲ್ಲ. ತಮ್ಮ ನಾಡಿನಲ್ಲಿ ಈಗ ಇಂಗ್ಲಿಷಿನಲ್ಲಿ ಬರೆಯುವ ಎಷ್ಟೋ ಮಂದಿಯ ಬೆನ್ನ ಹಿಂದೆ ಗೇಲಿಕ್‌ನಲ್ಲಿ ಕತೆ ಹೇಳುವ ಒಬ್ಬ ಅಜ್ಜಿ ಕೂತಿರುತ್ತಾಳೆ, ನೀನು ನನ್ನವಳನ್ನು ಎಬ್ಬಿಸಿ ಕಳಿಸಿದೆ ಎಂದರು.

ಸಂಜೆ ಉಡುಪಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಗದ್ದೆಯಲ್ಲಿ ಭತ್ತದ ಸಸಿ ನೆಡುತ್ತ ತುಳು ಪಾಡ್ದನ ಹಾಡಿ ಬೆಳೆದವಳು ನಕ್ಕುಬಿಟ್ಟಳು. "ಸಾಲು ತಿರುಗಿ ತಿರುಗಿ ಬರದಿದ್ರೆ ನೇಜಿ ನೆಟ್ಟು ಮುಗಿಯುದು ಹೇಗೆ ಮಾರಾಯ?"

ಚಳಿಗಾಲವಿಡೀ ಮಾಷ್ಟ್ರು ಹೋದ ದೋಣಿಗಳನ್ನು ಮೊದಲಿನಿಂದ ನೆನಪು ಮಾಡಿಕೊಂಡು ಒಂದೊಂದಾಗಿ ಹೇಳಿದರು, ನಾನು ಬರೆದುಕೊಂಡೆ. ಅವರ ಕೆಮ್ಮು ಹೆಚ್ಚುತ್ತಿತ್ತು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆಫೀಸಿನಿಂದ ನೇರ ಮೆಟ್ಟಿಲು ಹತ್ತಿ ಬೆಲ್ ಒತ್ತಿ, ಇನ್ನು ಹನ್ನೆರಡು, ಇನ್ನು ಒಂಬತ್ತು ಎನ್ನುತ್ತಿದ್ದೆ.

"ನೀನು ಎಣಿಸುತ್ತಿರು. ಅವನು ಗಾಳಿ ಬಂದಾಗ ಹೊರಡುತ್ತಾನೆ."

ಕೆಲವು ದಿನ ಗಾಳಿ ಬರುತ್ತಿರಲಿಲ್ಲ. ಸುಮ್ಮನೆ ಚಹಾ ಕುಡಿದು ಇಳಿದು ಬರುತ್ತಿದ್ದೆ.

ಮಾರ್ಚ್ ಏಳರಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಡೈರಿಯಲ್ಲಿ ಅಂದಿನ ಲೆಕ್ಕ ಮೂವತ್ತೊಂದರಲ್ಲಿ ಇಪ್ಪತ್ತೇಳು. ಪ್ರತಿಯನ್ನು ಅವರ ಮಗಳಿಗೆ ಕಳಿಸುವಾಗ ನಾಲ್ಕು ಕಡೆ ಜಾಗ ಖಾಲಿ ಬಿಟ್ಟೆ. ಮೊದಲನೆಯದನ್ನೇ ತುಂಬಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೈ ಬರಲಿಲ್ಲ. ನಾಯಕ ಮನೆಗೆ ಮರಳುವ ದೋಣಿ ಆ ನಾಲ್ಕರಲ್ಲಿ ಕೊನೆಯದು.