ದೋಣಿಗೆತ್ತಿದ ಆರತಿ

ಕರ್ಪೂರದ ವಾಸನೆ ಈಗಲೂ ನನಗೆ ಆಗುವುದಿಲ್ಲ. ಮನೆಯಲ್ಲಿ ಹೇಳಿಕೊಂಡಿಲ್ಲ. ಮಂಗಳಾರತಿಯ ಹೊತ್ತಿಗೆ ಏನೋ ನೆಪ ಹೇಳಿ ಹೊರಗೆ ಹೋಗಿ ನಿಲ್ಲುತ್ತೇನೆ.

ಅಕ್ಕನ ಗಂಡ ಹಾಸನದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾರೆ. ಅವರಿಗೆ ರಾಕೆಟ್ ದೋಣಿಯ ಹುಚ್ಚು. ಥರ್ಮಾಕೋಲ್ ಕೊರೆದು ಮೊಳದುದ್ದದ ದೋಣಿ ಮಾಡುತ್ತಾರೆ. ಅದರ ಹಿಂಬದಿಗೆ ಪೈಪಿನ ತುಂಡು ಕೂರಿಸಿ, ಆಟದ ರಾಕೆಟ್ಟಿಗೆ ಹಾಕುವ ಮೋಟರನ್ನು ತುರುಕುತ್ತಾರೆ. ಮೋಟರ್ ಅಂದರೆ ಯಂತ್ರವೇನಲ್ಲ, ಪಟಾಕಿ ಮದ್ದು ಗಿಡಿದ ರಟ್ಟಿನ ಕೊಳವೆ. ಅದರ ಬಾಯಿಗೆ ಸಿಕ್ಕಿಸಿದ ತಂತಿಗೆ ದೂರದಿಂದ ಬ್ಯಾಟರಿಯ ಕರೆಂಟು ಕೊಟ್ಟರೆ ಉರಿ ಹಿಂದಕ್ಕೆ ಕಾರಿ ದೋಣಿ ಮುಂದಕ್ಕೆ ಚಿಮ್ಮುತ್ತದೆ. ಹದಿನೈದು ಹೆಜ್ಜೆ ದೂರ ನಿಲ್ಲಬೇಕು ಎಂದು ನನಗೆ ಕಲಿಸಿದವರೂ ಅವರೇ.

ನಾನಾಗ ಅರಕಲಗೂಡಿನಲ್ಲಿ ಕೆಲಸಕ್ಕಿದ್ದೆ. ಭಾನುವಾರ ಬಸ್ಸು ಹತ್ತಿ ಹಾಸನಕ್ಕೆ ಬಂದು ಅವರ ಕಾರಿನಲ್ಲಿ ಜೊತೆಗೆ ಹೊರಡುತ್ತಿದ್ದೆ. ಚನ್ನರಾಯಪಟ್ಟಣದ ಹತ್ತಿರದ ಕೆರೆಯಲ್ಲಿ ಮೊದಲನೆಯದು ಮಗುಚಿತು. ಹೊಳೆನರಸೀಪುರದಲ್ಲಿ ಎರಡನೆಯದು ಮೂತಿ ಮುಳುಗಿಸಿ ಹೊಳೆಯ ತಳ ಸೇರಿತು. ತೂಕ ಹಿಂದಕ್ಕೆ ಸರಿಸೋಣ ಎಂದೆ. ಭಾವ ಬೇರೆಯೇ ಕಾರಣ ಕಂಡುಕೊಂಡಿದ್ದರು.

"ಪೂಜೆ ಮಾಡಿರ್ಲಿಲ್ಲ ಕಣ್ಲಾ. ಹೊಸ ಸ್ಕೂಟರ್ ತಂದ್ರೂ ಆರತಿ ಎತ್ತೀವಿ. ಇದೂ ಗಾಡಿನೇ ಅಲ್ವಾ?"

ಎಂಜಿನಿಯರಿಂಗ್ ಓದಿದ ನಾನು ನಕ್ಕೆ. ಬೇಡ ಎನ್ನಲಿಲ್ಲ.

ಮೂರನೆಯದನ್ನು ಶೆಟ್ಟಿಹಳ್ಳಿಯ ಹಿನ್ನೀರಿಗೆ ಒಯ್ದೆವು. ಪಾಳು ಚರ್ಚಿನ ಬಳಿ ಜನ ಇದ್ದರೆಂದು ದೂರ ನಡೆದು, ಕೆಸರು ದಂಡೆಯಲ್ಲಿ ದೋಣಿಯನ್ನು ನೀರಿಗೆ ಮುಖ ಮಾಡಿ ಇಟ್ಟೆವು. ತಂತಿ ಸಿಕ್ಕಿಸಿಯಾಗಿತ್ತು. ಬ್ಯಾಟರಿ ಇನ್ನೂ ಚೀಲದಲ್ಲಿತ್ತು, ನಮ್ಮ ಧೈರ್ಯವೆಲ್ಲ ಅದೇ. ಭಾವ ಕುಂಕುಮ ಹಚ್ಚಿ, ದಾಸವಾಳ ಇಟ್ಟು, ತಟ್ಟೆಯಲ್ಲಿ ಕರ್ಪೂರ ಹೊತ್ತಿಸಿದರು.

ಅಲ್ಲೇ ತೆಪ್ಪದಲ್ಲಿ ಬಲೆ ಎಳೆಯುತ್ತಿದ್ದವನೊಬ್ಬ ನಮ್ಮ ಮೊಳದುದ್ದದ ದೋಣಿಯನ್ನು ಹಡಗು ಮಾಡಿ ಕೂಗಿದ. "ಏನ್ ಸಾ, ಇಷ್ಟ್ ದೊಡ್ ಅಡಗು! ನಮ್ಮುನ್ನೂ ಅತ್ತಿಸ್ಕಂಡೀರಾ?"

"ಬಾರಯ್ಯ, ಮೊದ್ಲು ಮಂಗಳಾರತಿ ತಗೊ" ಎಂದರು ಭಾವ.

ಆತ ತೆಪ್ಪವನ್ನು ದಂಡೆಗೆ ತಂದ. ತಲೆಗೆ ಸುತ್ತಿದ್ದ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು, ದೋಣಿಯ ಎದುರಿಗೇ ಬಾಗಿ ಎರಡೂ ಕೈ ಚಾಚಿದ. ನಾನು ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದೆ. ಪ್ರತಿಸಲ ನೆನಪು ಇಲ್ಲಿಗೆ ಬಂದು ನಿಲ್ಲುತ್ತದೆ. ಪಕ್ಕಕ್ಕೆ ಸರಿ ಎಂದು ಒಂದು ಮಾತು ಹೇಳಬಹುದಿತ್ತು. ಅಷ್ಟು ಹೊತ್ತಿತ್ತು.

ಆರತಿಯ ಮೂರನೆಯ ಸುತ್ತಿನಲ್ಲಿ ತಟ್ಟೆ ದೋಣಿಯ ಹಿಂಬದಿಗೆ ಬಂತು. ಕರ್ಪೂರದ ಉರಿ ತಂತಿಯ ತುದಿಯನ್ನು ಸವರಿತು. ಕುಕ್ಕರ್ ಸೀಟಿಯಂಥ ಸದ್ದು. ದೋಣಿ ಆತನ ಹಣೆಗೆ ಬಡಿದು, ತಿರುಗಿ, ಮುಖಕ್ಕೇ ಉರಿ ಕಾರಿತು. ಹೊಗೆ ಸರಿದಾಗ ಆತ ತೆಪ್ಪದಲ್ಲಿದ್ದ ಬಲೆಯ ಮೇಲೆ ಅಂಗಾತ ಬಿದ್ದು ಬಲಗಣ್ಣು ಮುಚ್ಚಿ ಹಿಡಿದಿದ್ದ.

ಭಾವ ಸುಟ್ಟ ಬೆರಳನ್ನು ಊದಿಕೊಳ್ಳುತ್ತ ನನ್ನನ್ನು ಕೇಳಿದ ಮೊದಲ ಮಾತು: "ರೆಕಾರ್ಡ್ ಆಯ್ತೇನ್ಲಾ?"

ಆಯ್ತು ಅಂದೆ. ಅಂದೆನಲ್ಲ!

ಭಾವ ಕಾರಿನ ಸೀಟಿಗೆ ಪ್ಲಾಸ್ಟಿಕ್ ಚೀಲ ಹಾಸಿಯೇ ಆತನನ್ನು ಕೂರಿಸಿದರು. ಕೆಸರಾಗುತ್ತದಂತೆ.

"ಕಣ್ಣು ಉರೀತೈತೆ ಸಾ, ಒಸಿ ನೀರಾಕಿ" ಎಂದು ಆತ ದಾರಿಯುದ್ದಕ್ಕೂ ನರಳಿದ. ಬಾಟಲಿಯಲ್ಲಿ ಉಳಿದಿದ್ದ ಗುಟುಕು ನೀರು ಸುರಿದೆ. ಭಾವ ಕಾರು ಓಡಿಸುತ್ತಲೇ ಹೇಳಿಕೊಟ್ಟರು: "ಡಾಕ್ಟ್ರು ಕೇಳಿದ್ರೆ ಕಡ್ಡಿ ಚುಚ್ತು ಅನ್ನಯ್ಯ. ಮದ್ದು ಅಂದ್ರೆ ಪೊಲೀಸು, ಕೇಸು, ನಿಂಗೂ ತಾಪತ್ರಯ." ನೋವಿನಲ್ಲಿದ್ದ ಆತ ಹೂಂ ಅಂದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದಾಗ, "ಕಡ್ಡಿ ಮೇಡಂ" ಎಂದರು ಭಾವ, ಪಾಠ ಹೇಳುವ ದನಿಯಲ್ಲೇ. ಆಕೆ ನನ್ನತ್ತ ನೋಡಿದರು. ನಾನು ನೆಲ ನೋಡಿದೆ. ಡಾಕ್ಟರಮ್ಮ ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ಬಂದು, "ಕಡ್ಡಿ ಚುಚ್ಚಿದ್ರೆ ರೆಪ್ಪೆ ಹೆಂಗ್ರೀ ಸುಡುತ್ತೆ?" ಎಂದು ಗದರಿದಾಗಷ್ಟೇ ನಾನು ವಿಡಿಯೋ ತೋರಿಸಿದ್ದು. ಅದರಲ್ಲಿ ಸದ್ದಿಗೆ ಮುಂಚೆ ನನ್ನ ನಗು ಕೇಳಿಸುತ್ತದೆ.

"ಮದ್ದು ಕಣ್ಣೊಳಗಿದೆ. ಬಂದ ತಕ್ಷಣ ತೊಳೀಬೇಕಿತ್ತು. ಬಾಯಿಲ್ವಾ ನಿಮಗೆ?" ಎಂದು ಓಡಿದರು.

ಹದಿನೈದು ದಿನ ಬಿಟ್ಟು ಆತನ ಮನೆಗೆ ಒಬ್ಬನೇ ಹೋದೆ. ಭಾವ ಬರಲಿಲ್ಲ, ಹೊಸ ದೋಣಿ ಕೊರೆಯುತ್ತಿದ್ದರು. ಜಗುಲಿಯ ಮೇಲೆ ಬಲೆ ಹರಡಿಕೊಂಡಿದ್ದ ಆತ ಒಳ್ಳೆಯ ಎಡಗಣ್ಣನ್ನು ಕೈಯಿಂದ ಮುಚ್ಚಿ, ಸುಟ್ಟ ಬಲಗಣ್ಣನ್ನು ನನ್ನ ಕಡೆ ತಿರುಗಿಸಿದ.

"ಬೆಳ್ಕು ತಿಳೀತದೆ ಸಾ. ಆಳೋ ಮರವೋ ಗೊತ್ತಾಗಾಕಿಲ್ಲ. ಬಿರ್ರನೆ ತೊಳ್ದಿದ್ರೆ ಒಸಿ ಉಳೀತಿತ್ತಂತೆ. ಆಸ್ಪತ್ರೆಗೆ ಬಿರ್ರನೇ ಓದ್ವಲ್ಲ, ಅದ್ಯಾಕ್ ತಡ ಆಯ್ತೋ ಕಾಣೆ."

ಕಡ್ಡಿಯ ಸುಳ್ಳಿನಿಂದ ತಡವಾಯಿತೆಂದು, ನಾನೂ ಬಾಯಿ ಬಿಟ್ಟಿರಲಿಲ್ಲವೆಂದು ಹೇಳಿದೆ. ಆತ ಬಲೆಯ ಗಂಟೊಂದನ್ನು ಬೆರಳಲ್ಲೇ ತಡವಿ ಬಿಚ್ಚಿದ.

"ನೀವಿನ್ ಓಗಿ ಸಾ" ಎಂದ.