ಡಬ್ಬಕ್ಕೆ ಬೀಳದ ಚೀಟಿ

ನಮ್ಮ ಕಡೆಯ ಫುಟ್‌ಬಾಲ್ ಕಪ್ಪಿಗೆ ಯಾವ ಕ್ಲಬ್ ಸೇರಬಹುದು ಅನ್ನೋದನ್ನು ನೋಡಿಕೊಳ್ಳುತ್ತಿದ್ದ ಸೆಕ್ರೆಟರಿ ಬಿನ್ನಿಪೇಟೆಯವರು. ಯಾರು ಶಿಫಾರಸು ತಂದರೂ ಕನ್ನಡಕ ಹಣೆಗೇರಿಸಿ, "ಮೈದಾನದಲ್ಲಿ ಗೆದ್ದು ಬನ್ನಿ" ಅಂತಿದ್ದರು. ಅರ್ಹತಾ ಪಂದ್ಯ ಗೆದ್ದ ಕ್ಲಬ್ಬಿನ ಹೆಸರನ್ನು ತಾವೇ ಚೀಟಿಯಲ್ಲಿ ಬರೆದು ಕ್ಯಾಪ್ಟನ್ ಕೈಗೆ ಕೊಡೋರು. ಅದನ್ನು ಅವನೇ ಎಲ್ಲರೆದುರು, ಯಾರ ಮೇಲೆ ಯಾರು ಆಡಬೇಕೆಂದು ಚೀಟಿ ಎತ್ತುವ ಸ್ಟೀಲ್ ಡಬ್ಬಕ್ಕೆ ಹಾಕಬೇಕು. ಆಮೇಲೆ ಯಾರೂ ಮೋಸ ಅನ್ನಕೂಡದು.

ಆ ವರ್ಷ ಸುಂಕದಕಟ್ಟೆಯ ನಾವು ಗೆದ್ದಿದ್ದೆವು. ನಾನೇ ಕ್ಯಾಪ್ಟನ್. ಗೆದ್ದವರಿಗೆಲ್ಲ ಚೀಟಿ ಸಿಕ್ಕಿತು, ನನಗೆ ಸಿಗಲಿಲ್ಲ. ನಮ್ಮ ಬದಲು, ಒಂದೂ ಪಂದ್ಯ ಆಡದ ಅಕಾಡೆಮಿಯೊಂದರ ಕ್ಯಾಪ್ಟನ್ ಚೀಟಿ ಹಾಕಿದ. ಕಪ್ಪಿಗೆ ಸ್ಪಾನ್ಸರ್ ಮಾಡಿದವರದೇ ಅಕಾಡೆಮಿ ಅದು.

"ಸಾರ್, ನಮ್ದು?"

"ಮುಂದಿನ ವರ್ಷ ನೋಡೋಣಪ್ಪ."

"ಮೈದಾನದಲ್ಲಿ ಗೆದ್ದೇ ಬಂದಿದೀವಲ್ಲ ಸಾರ್."

ಅವರು ಕನ್ನಡಕ ತೆಗೆದು ಒರೆಸುತ್ತಲೇ ನಿಂತರು. ತೆಳ್ಳನೆಯ ಬಿಳಿ ಶರ್ಟಿನ ಜೇಬಿನೊಳಗೆ, ಅವರದೇ ದುಂಡನೆಯ ಅಕ್ಷರದಲ್ಲಿ ಬರೆದ ನಮ್ಮ ಕ್ಲಬ್ಬಿನ ಹೆಸರು ಕಾಣುತ್ತಿತ್ತು.

ಮರುವರ್ಷವೂ ಗೆದ್ದೆವು. ಈ ಸಲ ಚೀಟಿಯೂ ಇಲ್ಲ, ಡಬ್ಬವೂ ಇಲ್ಲ; ಮೊಬೈಲಿಗೆ ಟೈಪ್ ಮಾಡಿದ ಪಟ್ಟಿಯ ಫೋಟೋ ಬಂತು. ನಮ್ಮ ಹೆಸರು ಹುಡುಕುತ್ತಾ ಕೊನೆಯವರೆಗೂ ಬಂದೆ. ಅಲ್ಲಿ ಅದೇ ದುಂಡನೆಯ ಅಕ್ಷರದಲ್ಲಿ ಅವರ ಸಹಿ ಇತ್ತು.